ಮಠದ ಹಿಂದ

ನಾನು ಮಾಯವ್ವ. ಖಾನಾವಳಿಯಲ್ಲಿ ತಾಟು ತೊಳೆಯುತ್ತಿದ್ದೆ. ಹದಿನಾಲ್ಕು ವರ್ಷ ತೊಳೆದೆ. ಉಂಡವರ ಮುಖ ನೋಡಿದವಳಲ್ಲ ನಾನು, ಅವರ ತಾಟು ನೋಡಿದವಳು. ತಾಟು ನೋಡಿದರೆ ಸಾಕು, ಉಂಡವನು ಎಂಥವನು ಅಂತ ಹೇಳುತ್ತೇನೆ. ಅನ್ನದ ಮೇಲೆಯೇ ಕೈ ತೊಳೆದು ಎದ್ದವನಿಗೆ ಹಸಿವು ಗೊತ್ತಿಲ್ಲ. ಬದನೆಕಾಯಿಯ ತೊಟ್ಟನ್ನು ಅಂಚಿಗೆ ನೀಟಾಗಿ ಇಟ್ಟು ಹೋದವನು ಮನೆಯಲ್ಲಿ ಹೆಂಡತಿಗೆ ಹೆದರುತ್ತಾನೆ. ಅರ್ಧ ರೊಟ್ಟಿ ಬಿಟ್ಟು ಅದರ ಮೇಲೆ ಬೀಡಿ ಒತ್ತಿ ಆರಿಸಿದವನಿಗೆ ನಾನು ಏನನ್ನುತ್ತೇನೋ ಅದನ್ನು ಇಲ್ಲಿ ಹೇಳಲಿಕ್ಕಾಗುವುದಿಲ್ಲ.

ಖಾನಾವಳಿ ಕಿತ್ತೂರಿನ ಹತ್ತಿರ, ಹೈವೇ ಪಕ್ಕ. ಮಾಲೀಕ ನಿಜಗುಣಪ್ಪ. ಮುಂದೆ ಗಿರಾಕಿ ಉಣ್ಣುವ ಹಾಲು, ನಡುವೆ ಅಡಿಗೆಮನೆ, ಹಿಂದೆ ತಗಡಿನ ಕೆಳಗೆ ನಾನು ಮತ್ತು ನಲ್ಲಿ. ಅಡಿಗೆಮನೆಯ ಹಿಂಬಾಗಿಲ ಹೊಸ್ತಿಲು ನನ್ನ ಗಡಿ. ಎಂಜಲು ತಾಟು ಹೊಸ್ತಿಲ ಹೊರಗೆ ಬರುತ್ತವೆ, ತೊಳೆದ ತಾಟನ್ನು ಹೊಸ್ತಿಲ ಹೊರಗೇ ಇಡುತ್ತೇನೆ. ಒಳಗಿನವರು ಅದಕ್ಕೆ ಮತ್ತೊಮ್ಮೆ ನೀರು ಚಿಮುಕಿಸಿ ಒಯ್ಯುತ್ತಾರೆ. ನಾನು ತೊಳೆದ ತಾಟಿನಲ್ಲಿ ಉಣ್ಣಬಹುದು, ನಾನು ಒಳಗೆ ಬರಬಾರದು. ಕೈ ಕೆಸರಾದರೆ ಬಾಯಿ ಮೊಸರಂತೆ. ನನ್ನ ಕೈ ಹದಿನಾಲ್ಕು ವರ್ಷ ಕೆಸರೇ ಇತ್ತು. ಮೊಸರು ಯಾರ ಯಾರದೋ ಬಾಯಿಗೆ ಹೋಯಿತು.

ನಿಜಗುಣಪ್ಪ ದಿನಾ ಮುಂಜಾನೆ ಬಡಿಸುವ ಹುಡುಗರನ್ನು ಸಾಲಾಗಿ ನಿಲ್ಲಿಸಿ ಪಾಠ ಹೇಳುತ್ತಿದ್ದ. ಅದು ನನಗೂ ಬಾಯಿಪಾಠ.

"ಗಿರಾಕಿ 'ಬಿಸಿ ರೊಟ್ಟಿ' ಅಂತ ಬಾಯಿ ಬಿಟ್ಟ ಕೇಳಿದಾ ಅಂದ್ರ ನೀವು ಇದ್ದೂ ಸತ್ತಂಗ. ಕೇಳೂದಕಿಂತ ಮೊದ್ಲ ತಾಟಿನಾಗ ಬೀಳಬೇಕು. ಬ್ಯಾಡ ಅಂದ್ರ, 'ಒಂದರ ತಗೋರಿ' ಅನಬೇಕು. ಕೈ ಅಡ್ಡ ಹಿಡದ್ರ ಅರ್ಧಾ ಹಾಕಬೇಕು. ಒತ್ತಾಯ ಇಲ್ಲದ ಊಟ ದವಾಖಾನಿ ಊಟ!"

ಗಿರಾಕಿಗಳಿಗೂ ಅದೇ ಬೇಕು. ರೊಟ್ಟಿ ಉಬ್ಬಿರಬೇಕು, ಹೊಗೆಯಾಡುತ್ತಿರಬೇಕು, ಮೇಲೆ ಬೆಣ್ಣೆ ಇಟ್ಟರೆ ತಾನೇ ಕರಗಬೇಕು. ಮೊದಲ ತುತ್ತು ಮುಗಿದ ಮೇಲೆ ಅವರಲ್ಲೊಬ್ಬ ಸಣ್ಣ ದನಿಯಲ್ಲಿ, ನಗುನಗುತ್ತ, ಒಂದು ಮಾತು ಕೇಳಿಯೇ ಕೇಳುತ್ತಿದ್ದ: "ರೊಟ್ಟಿ ಯಾರ ಮಾಡ್ತಾರ್ರಿ? ನಮ್ಮವರ ಹೌದಲ್ಲ?" ಅದೂ ಸರ್ವಿಸಿನಲ್ಲಿಯೇ ಸೇರಿದ್ದು. ತಕ್ಷಣ ಉತ್ತರ ಕೊಡಬೇಕು. ತಡವಾದರೆ ರೊಟ್ಟಿ ಆರುತ್ತದೆ.

ಈಗ ಮಹಾನಂದಾಳ ಮಾತು. ಅವಳು ನನ್ನ ನೆಗೆಣ್ಣಿ. ನನ್ನ ಗಂಡನ ತಮ್ಮ ಬಾಳಪ್ಪನ ಹೆಂಡತಿ. ನಮ್ಮಿಬ್ಬರ ಮನೆ ದೊಡವಾಡದಲ್ಲಿ, ನಡುವೆ ಒಂದೇ ಗೋಡೆ. ಬಾಳಪ್ಪ ಕಬ್ಬಿನ ಟ್ರಾಲಿ ಮಗುಚಿ ಅದರ ಕೆಳಗೆ ಹೋದ. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಒಂಟಿ ಆಳು ನಡೆಯುವುದಿಲ್ಲ, ಜೋಡಿ ಬೇಕು. ಒಬ್ಬರು ಕಡಿಯಬೇಕು, ಒಬ್ಬರು ಕಟ್ಟಿ ಹೊರಬೇಕು. "ಗಂಡ ಇಲ್ಲಂದ್ರ ಮಗಳನ್ನ ಕರಕೊಂಡ ಬಾ" ಎಂದ ಗ್ಯಾಂಗು ಕಟ್ಟುವ ಮುಕಾದಮ. ಮಗಳು ತಂಗೆವ್ವ ಆಗ ಆರನೇ ಇಯತ್ತೆ. ಸಾಲಿ ಬಿಡಿಸಿ ಕರೆದುಕೊಂಡು ಹೋದಳು. ಎರಡನೇ ತಿಂಗಳಿಗೆ ಕುಡುಗೋಲು ಹುಡುಗಿಯ ಎಡಗೈಗೆ ಬಿತ್ತು. ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.

ಮಹಾನಂದಾ ವಾಪಸು ಬಂದು ನನ್ನ ಮುಂದೆ ಕುಳಿತು ಹಣೆ ಹಣೆ ಬಡಿದುಕೊಂಡಳು. "ಅಕ್ಕಾ, ನಾ ಸತ್ತರೂ ಚಿಂತಿಲ್ಲ. ಇನ್ನ ಈ ಕೂಸಿನ್ನ ಕಬ್ಬಿಗೆ ಒಯ್ಯಾಂಗಿಲ್ಲ. ಏನರ ಕೆಲಸ ನೋಡು."

ಅದೇ ವಾರ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಸೀತವ್ವನ ಭುಜ ಬಿದ್ದುಹೋಗಿತ್ತು. ದೊಡವಾಡದಲ್ಲಿ ಮಹಾನಂದಾಳಂಥ ರೊಟ್ಟಿ ಬಡಿಯುವವರು ಇನ್ನೊಬ್ಬರಿಲ್ಲ. ಆದರೆ ನಾನು ಹೇಗೆ ಹೇಳಲಿ? ನನ್ನ ನೆಗೆಣ್ಣಿ ಎಂದರೆ ಅವಳನ್ನೂ ತಗಡಿನ ಕೆಳಗೆ ಕೂರಿಸುತ್ತಾರೆ. "ನೀನ ಹೋಗಿ ಕೇಳು. ನನ್ನ ಹೆಸರ ತಗೀಬ್ಯಾಡ" ಎಂದೆ.

ಅವಳು ಮುಂಬಾಗಿಲಲ್ಲಿ ಬಂದು ನಿಂತಾಗ ನಾನು ಮುಂದಿನ ಅಂಗಳದ ಕಟ್ಟೆಯ ಪಕ್ಕ ಎಂಜಲು ಬಕೆಟ್ ಎತ್ತುತ್ತಿದ್ದೆ. ಎಲ್ಲ ಕೇಳಿಸಿತು.

"ಯಾವೂರಾಕಿ ನೀ?"

"ದೊಡವಾಡ್ರಿ."

"ದೊಡವಾಡದಾಗ ಎಲ್ಲೆ?"

"ಮಠದ ಹಿಂದ್ರಿ."

ಖರೆ ಮಾತು. ನಮ್ಮ ಕೇರಿ ಇರುವುದು ಮಠದ ಹಿಂದೆಯೇ. ಮಠದ ಬಚ್ಚಲ ನೀರು ನಮ್ಮ ಓಣಿಯಲ್ಲೇ ಹರಿಯುತ್ತದೆ. ಆದರೆ ನಿಜಗುಣಪ್ಪ ಖುರ್ಚಿಯಿಂದ ಅರ್ಧ ಎದ್ದ.

"ಅಯ್ಯ ಶಿವನ! ಮಠದವರೇನ್ರಿ? ಮತ್ತ ಹೊರಗ್ಯಾಕ ನಿಂತೀರಿ? ಬರ್ರಿ, ಒಳಗ ಬರ್ರಿ. ಕುಂಡ್ರಿ."

'ನೀ' ಹೋಗಿ 'ನೀವು' ಆಯಿತು. ಒಂದು ಉಸಿರಿನಲ್ಲಿ. ಮಹಾನಂದಾ ಬಾಯಿ ತೆರೆದಳು. ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿ ಬಕೆಟ್ ಎತ್ತಿಕೊಂಡು ಹಿಂದೆ ಹೋದೆ. ಅವಳು ಬಾಯಿ ಮುಚ್ಚಿದಳು. ಸುಳ್ಳು ಹೇಳಿದ್ದು ಯಾರು? ಅವಳಲ್ಲ. ಅವನು ಅರ್ಧ ಕೇಳಿದ, ನಾವು ಅರ್ಧ ಬಿಟ್ಟೆವು.

ಅಂದಿನಿಂದ ಅವಳು 'ಮಠದವ್ವ'. ಆರು ತಿಂಗಳಲ್ಲಿ ಹೈವೇ ಮೇಲೆ ಫ್ಲೆಕ್ಸ್ ಬಿತ್ತು: 'ಮಠದವ್ವನ ಕೈಯ ಬಿಸಿ ರೊಟ್ಟಿ'. ಮೂರು ವರ್ಷ ನಡೆಯಿತು ಇದು. ದೊಡವಾಡದ ಮಂದಿ ಹೈವೇಗೆ ಬಂದು ಉಣ್ಣುವವರಲ್ಲ. ಯಾರಾದರೂ ಬಂದರೆ ಅವಳು ಸೆರಗು ಮುಂದಕ್ಕೆಳೆದು ಗೋಡೆ ಕಡೆ ತಿರುಗಿ ಬಡಿಯುತ್ತಿದ್ದಳು.

ನೋಡುವವರಿಗೆ ಅದು ಚಂದ, ಟಪ ಟಪ ಸದ್ದು. ಬಡಿಯುವವಳಿಗೆ ಗೊತ್ತು ಅದೇನೆಂದು. ಕುದಿಯುವ ನೀರು ಹಾಕಿದ ಜೋಳದ ಹಿಟ್ಟನ್ನು ಬಿಸಿಯಿದ್ದಾಗಲೇ ನಾದಬೇಕು. ಆರಿದರೆ ಜಿಗಿ ಹೋಗಿ ಅಂಚು ಸೀಳುತ್ತದೆ. ಅಂಗೈ ಸುಡುತ್ತದೆ, ನಾದಬೇಕು. ಹೊತ್ತಿಗೆ ಇನ್ನೂರು ಮುನ್ನೂರು ರೊಟ್ಟಿ. ಹಂಚಿನ ಮೇಲೆ ಹಾಕಿ ಒದ್ದೆ ಅರಿವೆ ಸವರಿದರೆ ಹಬೆ ಮುಖಕ್ಕೆ ಹೊಡೆಯುತ್ತದೆ. ಅವಳ ಎಡಗಣ್ಣಿನ ಹುಬ್ಬಿನಲ್ಲಿ ಕೂದಲು ಉಳಿದಿರಲಿಲ್ಲ. ಬಲ ಮೊಣಕೈ ಮಳೆಗಾಲದಲ್ಲಿ ಎತ್ತಲಿಕ್ಕೆ ಬರುತ್ತಿರಲಿಲ್ಲ. ಆದರೂ ತಂಗೆವ್ವ ಸಾಲಿಗೆ ಹೋಗುತ್ತಿದ್ದಳು. ಒಂಬತ್ತನೇ ಇಯತ್ತೆ. ಅಷ್ಟು ಸಾಕಿತ್ತು ಅವಳಿಗೆ.

ದೊಡವಾಡದಿಂದ ಬೈಲಹೊಂಗಲ, ಅಲ್ಲಿಂದ ಕಿತ್ತೂರು, ಎರಡು ಬಸ್ಸು. ಇಬ್ಬರೂ ಒಂದೇ ಬಸ್ಸು ಹತ್ತಿ ಬೇರೆ ಬೇರೆ ಸೀಟಿನಲ್ಲಿ ಕೂರುತ್ತಿದ್ದೆವು. ಕಿತ್ತೂರಿನಲ್ಲಿ ಇಳಿದ ಮೇಲೆ ಅವಳು ಮುಂದೆ, ನಾನು ಅರ್ಧ ಫರ್ಲಾಂಗು ಹಿಂದೆ. ಅವಳು ಮುಂಬಾಗಿಲಿಂದ ಒಳಗೆ, ನಾನು ಸುತ್ತು ಹಾಕಿ ಹಿಂದಕ್ಕೆ. ಮನೆಯಲ್ಲಿ ಒಂದೇ ಪರಾತದಲ್ಲಿ ಉಣ್ಣುವವರು ಇಲ್ಲಿ ಒಬ್ಬರಿಗೊಬ್ಬರು ಗುರುತೇ ಇಲ್ಲ.

ನೀರಿನದು ಹೇಳುತ್ತೇನೆ. ಹೇಳಲೇಬೇಕು. ನಲ್ಲಿ ನೀರು ಸವುಳು. ಕುಡಿಯುವ ನೀರು ಒಳಗೆ. ಬಾಯಾರಿದರೆ ನಾನು ಹೊಸ್ತಿಲಲ್ಲಿ ನಿಂತು "ಅವ್ವಾರ, ನೀರ" ಎನ್ನಬೇಕು. ಮೊದಲು ಸೀತವ್ವ ಹಾಕುತ್ತಿದ್ದಳು, ಮೇಲಿನಿಂದ. ನಾನು ಬೊಗಸೆ ಒಡ್ಡುತ್ತಿದ್ದೆ. ಮಹಾನಂದಾ ಬಂದ ಎರಡನೇ ದಿನ ತಂಬಿಗೆಯನ್ನು ನನ್ನ ಕೈಗೇ ಕೊಡಲು ಬಂದಳು. ಪಕ್ಕದಲ್ಲಿ ಬಡಿಸುವ ಕಲ್ಮೇಶ ನಿಂತಿದ್ದ. ನಾನೇ ಕಣ್ಣು ಬಿಟ್ಟು ಹೆದರಿಸಿದೆ. ಅವಳು ತಂಬಿಗೆ ಎತ್ತರಕ್ಕೆ ಹಿಡಿದು ಸುರಿದಳು. ಅರ್ಧ ನೀರು ಬೊಗಸೆ ತಪ್ಪಿ ನನ್ನ ಎದೆ ಮೇಲೆ ಬಿತ್ತು. ಅಂದು ಮನೆಗೆ ಹೋದ ಮೇಲೆ ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. "ಅತ್ತರ ರೊಟ್ಟಿ ಉಬ್ಬತಾವೇನ? ಸುಮ್ನಿರು" ಎಂದು ಗದರಿದೆ. ಆಮೇಲೆ ಹಿತ್ತಲಿಗೆ ಹೋಗಿ ನಾನೂ ಅತ್ತೆ. ಮೂರು ವರ್ಷ ನನ್ನ ನೆಗೆಣ್ಣಿ ನನಗೆ ಮೇಲಿನಿಂದ ನೀರು ಸುರಿದಳು. ದಿನಕ್ಕೆ ಮೂರು ಸಲ.

ಹೋದ ವರ್ಷ ನಿಜಗುಣಪ್ಪನ ಸೊಸೆ ಸಪ್ನಾ ಖಾನಾವಳಿಯ ಕಾರುಬಾರು ಹಿಡಿದಳು. ಕಲಿತ ಹುಡುಗಿ, ಚುರುಕು. "ಮಾವಾರ, ಈಗಿನ ಗಿರಾಕಿಗೆ ಬರೇ ರುಚಿ ಸಾಲೂದಿಲ್ಲ, ಕಾಣಬೇಕು" ಎಂದು ಅಡಿಗೆಮನೆಗೂ ಹಾಲಿಗೂ ನಡುವಿನ ಗೋಡೆ ಒಡೆಸಿ ಗಾಜು ಹಾಕಿಸಿದಳು. ಮಠದವ್ವ ಗಾಜಿನ ಆಚೆ ಕುಳಿತು ಬಡಿಯಬೇಕು, ಗಿರಾಕಿ ಈಚೆ ಕುಳಿತು ನೋಡುತ್ತ ಉಣ್ಣಬೇಕು. ಹಸಿರು ಇಳಕಲ್ ಸೀರೆ ತಂದುಕೊಟ್ಟಳು. ಒಂದು ವಿಭೂತಿ ಗಟ್ಟಿಯನ್ನೂ ತಂದುಕೊಟ್ಟಳು. "ಮಠದವರು, ಹಣಿ ಬೋಳ ಇಟ್ಕೊಂಡ ಕುಂತ್ರ ಚಲೋ ಕಾಣೂದಿಲ್ಲ ನೋಡ್ರಿ." ಮಹಾನಂದಾ ಹಚ್ಚಿಕೊಂಡಳು. ಗಿರಾಕಿಗಳು ಮೊಬೈಲ್ ಹಿಡಿದು ವಿಡಿಯೋ ಮಾಡಿಕೊಂಡರು. ಮೃಗಾಲಯ ಮಾಡಿಟ್ಟಿದ್ದಳು ಪುಣ್ಯಾತ್ಗಿತ್ತಿ.

ಆಮೇಲೆ ಬಿಲ್ಲೆಗಳು ಬಂದವು. ಎಲ್ಲರ ಎದೆಯ ಮೇಲೂ ಹೆಸರಿನ ಬಿಲ್ಲೆ ಇರಬೇಕು, ಗಿರಾಕಿ ಹೆಸರು ಹಿಡಿದು ಕರೆದರೆ ಅದಕ್ಕೊಂದು ಮರ್ಯಾದೆ ಎಂದಳು ಸಪ್ನಾ. ನನಗೆ ಬಿಲ್ಲೆ ಇಲ್ಲ. ನಾನು ಯಾರಿಗೂ ಕಾಣುವವಳಲ್ಲ.

ಕಲ್ಮೇಶ ಎಲ್ಲರ ಆಧಾರ್ ಝೆರಾಕ್ಸ್ ಕೇಳಿದ. ಲೈಸೆನ್ಸಿಗೂ ಬೇಕು, ಬಿಲ್ಲೆಗೂ ಬೇಕು. ಮಹಾನಂದಾ ಒಂದು ವಾರ "ಮರತ ಬಂದೇನ್ರಿ" ಎಂದಳು. ಆಧಾರ್ ಅವಳ ಕುಪ್ಪಸದ ಚೀಲದಲ್ಲೇ ಇರುತ್ತಿತ್ತು. ಬಸ್ಸು ಹೆಂಗಸರಿಗೆ ಫ್ರೀ ಆದ ಮೇಲೆ ಕಂಡಕ್ಟರಿಗೆ ದಿನಾ ತೋರಿಸಬೇಕಲ್ಲ. ಎರಡನೇ ವಾರ ಸಪ್ನಾ ಖಡಕ್ಕಾಗಿ ಹೇಳಿದಳು: "ಸೋಮಾರದೊಳಗ ಕೊಡದವರು ಮಂಗಳವಾರ ಬರೂದ ಬ್ಯಾಡ."

ಕೊಟ್ಟಳು. ಏನು ಮಾಡುತ್ತಾಳೆ? ಝೆರಾಕ್ಸನ್ನು ನಾಲ್ಕು ಮಡಿಕೆ ಮಡಚಿ, ಜೊತೆಗೆ ಬೇರೆ ಚೀಟಿ ಕೊಟ್ಟಳು. ಚೀಟಿಯಲ್ಲಿ 'ಮಹಾನಂದಾ' ಎಂದಷ್ಟೇ ತಂಗೆವ್ವನ ಕೈಯಿಂದ ಬರೆಸಿದ್ದಳು. "ತಮ್ಮಾ ಕಲ್ಮೇಶ, ಬಿಲ್ಲಿಗೆ ಇಷ್ಟ ಸಾಕು. ಆ ಕಾಗದ ಬಿಚ್ಚಬ್ಯಾಡ, ಹಂಗ ಫೈಲಿಗೆ ಹಾಕು."

"ಹೂಂ ಬಿಡ್ರಿ ಅವ್ವಾರ" ಎಂದ ಕಲ್ಮೇಶ. ಕೆಟ್ಟ ಹುಡುಗನಲ್ಲ. ಗದ್ದಲದಲ್ಲಿ ಚೀಟಿ ಎಲ್ಲೋ ಬಿತ್ತು. ಎಲ್ಲ ಝೆರಾಕ್ಸಿನ ಫೋಟೋ ಹೊಡೆದು ಬಿಲ್ಲೆ ಮಾಡುವ ಅಂಗಡಿಗೆ ಕಳಿಸಿಬಿಟ್ಟ. ಅಂಗಡಿಯವ ಕಂಡದ್ದನ್ನು ಕಂಡಹಾಗೆ ಹೊಡೆದ.

ಗುರುವಾರ ಮಧ್ಯಾಹ್ನ ಬಿಲ್ಲೆಗಳು ಬಂದವು. ಹಾಲು ತುಂಬಿತ್ತು. ಸಪ್ನಾ ಬಿಲ್ಲೆಗಳ ಹಿಂಬದಿ ಬರೆದ ನಂಬರು ನೋಡಿ ನೋಡಿ ಅವಸರದಲ್ಲಿ ಒಬ್ಬೊಬ್ಬರಿಗೂ ಚುಚ್ಚಿಕೊಂಡು ಹೋದಳು. ಮಹಾನಂದಾಳ ಕೈಯೆರಡೂ ಹಿಟ್ಟಿನಲ್ಲಿದ್ದವು. "ಅಲ್ಲಾಡಬ್ಯಾಡ್ರಿ ಅವ್ವಾರ" ಎಂದು ಸೀರೆಯ ಎದೆಮೇಲೆ ತಾನೇ ಚುಚ್ಚಿ ಹೋದಳು.

ನನಗೆ ಇದೊಂದೂ ಗೊತ್ತಿಲ್ಲ. ಬಾಯಾರಿತ್ತು. ಹೊಸ್ತಿಲಿಗೆ ಹೋಗಿ "ಅವ್ವಾರ, ನೀರ" ಎಂದೆ. ಮಹಾನಂದಾ ಎದ್ದಳು. ಹಿಟ್ಟಿನ ಕೈಯಲ್ಲೇ ತಂಬಿಗೆ ಹಿಡಿದು ಬಂದಳು. ನಾನು ಬೊಗಸೆ ಒಡ್ಡಿದೆ. ಅವಳು ಕೈ ಎತ್ತಿದಳು. ಎತ್ತಿದಾಗ ಎದೆಯ ಬಿಲ್ಲೆ ನನ್ನ ಕಣ್ಣ ಮುಂದೆ ಬಂತು. ನಾನು ಏಳನೇ ಇಯತ್ತೆ ಓದಿದವಳು. ದೊಡ್ಡ ಅಕ್ಷರ.

'ನಿಮ್ಮ ಸೇವೆಯಲ್ಲಿ: ಮಹಾನಂದಾ ಬಾಳಪ್ಪ ಮಾದರ.'

ನೀರು ಬೊಗಸೆಗೆ ಬಿತ್ತು, ಸೋರಿಹೋಯಿತು. ಕುಡಿಯಲಿಲ್ಲ ನಾನು. "ತಗಿ ಅದನ್ನ" ಎಂದೆ.

"ಯಾವುದ?" ಅವಳಿಗೆ ಓದಲು ಬರುವುದಿಲ್ಲ.

"ಬಿಲ್ಲಿ. ಅಡ್ಡೆಸರ ಬಂದೈತಿ. ನಮ್ಮ ಅಡ್ಡೆಸರ."

ಹಿಟ್ಟು ಮೆತ್ತಿದ ಬೆರಳಿನಿಂದ ಪಿನ್ನು ಬಿಚ್ಚಲು ನೋಡಿದಳು. ಜಾರಿತು. ಮತ್ತೆ ನೋಡಿದಳು. ನಾನು ಕೈ ಚಾಚಲಾ ಬೇಡವಾ ಎಂದು ಹೊಸ್ತಿಲಲ್ಲಿ ನಿಂತಿದ್ದೆ. ಛೀ, ನನ್ನ ಜನ್ಮಕ್ಕೆ! ಮುಟ್ಟಿದರೆ ಗುಟ್ಟು ಬಯಲಾಗುತ್ತದೆಂದು ಆಗಲೂ ಹೆದರಿದೆ.

ಅಷ್ಟರಲ್ಲಿ ಹಾಲು ಸುಮ್ಮನಾಯಿತು. ನಲವತ್ತು ಮಂದಿ ಉಣ್ಣುವ ಸದ್ದು ಒಮ್ಮೆಗೇ ನಿಂತಿತು.

ಬೈಲಹೊಂಗಲದ ಅಡತಿ ಅಂಗಡಿಯ ವಿರೂಪಾಕ್ಷಪ್ಪ ಗಾಜಿನ ಪಕ್ಕದ ಟೇಬಲ್ಲಿನವನು. ಪ್ರತಿ ಗುರುವಾರ ಬರುವವನು. "ಮಠದವ್ವಾರ ರೊಟ್ಟಿ ಅಂದ್ರ ಪ್ರಸಾದ" ಎನ್ನುವವನು. ಮಗಳಿಗೆ ಕಳಿಸಲು ರೊಟ್ಟಿ ಬಡಿಯುವುದರ ವಿಡಿಯೋ ಮಾಡುತ್ತಿದ್ದ. ಅದರಲ್ಲಿ ಬಿಲ್ಲೆ ಬಂದಿತ್ತು. ಬೆರಳಿನಿಂದ ದೊಡ್ಡದು ಮಾಡಿ ಓದಿದ್ದ. ಪಕ್ಕದವನಿಗೆ ತೋರಿಸಿದ್ದ. ಅವನು ಅವನ ಪಕ್ಕದವನಿಗೆ.

"ನಿಜಗುಣಪ್ಪಾ, ಇಲ್ಲೆ ಬಾ. ಇದೇನಿದು?"

ನಿಜಗುಣಪ್ಪ ಮೊಬೈಲ್ ನೋಡಿದ. ಗಾಜಿನಾಚೆ ನೋಡಿದ. ಅಡಿಗೆಮನೆಗೆ ನುಗ್ಗಿದ. ಸಪ್ನಾ ಅವನ ಹಿಂದೆ ಓಡಿ ಬಂದಳು.

"ಏನ ನಿನ್ನ ಅಡ್ಡೆಸರು?" ಮೂರು ವರ್ಷದ 'ನೀವು' ಹೋಗಿತ್ತು. "ಮಠದವರಂತ ಹೇಳಿ ಸೇರಿದ್ಯಲ್ಲ!"

"ಮಠದ ಹಿಂದ ಅಂತ ಹೇಳಿದ್ದೆ, ಸಾವ್ಕಾರ್ರ" ಎಂದಳು ಮಹಾನಂದಾ. "'ಹಿಂದ' ಅನ್ನೂದ ನಿಮಗ ಕೇಳಸಲಿಲ್ಲ."

ಅವನು ಕೈ ಎತ್ತಿದ. ಸಪ್ನಾ ತಡೆದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಬುದ್ಧಿ ಅವಳದು.

"ಮಾವಾರ, ತಡೀರಿ. ಎಲ್ಲಾರ ಕೈಯಾಗ ಮೊಬೈಲ್ ಅದಾವ. ಹೊರಗ ಹಾಕಿದ್ರ ಕೇಸ್ ಆಗತೈತಿ, ಇಟಗೊಂಡ್ರ ಗಿರಾಕಿ ಹೋಗತಾವ." ಮಹಾನಂದಾಳ ಕಡೆ ತಿರುಗಿ ದನಿ ತಗ್ಗಿಸಿದಳು. "ನೋಡ್ರಿ. ಹೊರಗ ಬಂದು ಒಂದ ಮಾತ ಹೇಳ್ರಿ. ಬಿಲ್ಲಿ ತಪ್ಪ ಹೊಡದಾರ, ನಾ ಮಠದಾಕಿನ ಅಂತ. ಅಂಗಡ್ಯಾಂವನ ಮ್ಯಾಲೆ ಹಾಕೂಣು. ನಾಳಿಂದ ಎಂದಿನಂಗ ಬರ್ರಿ. ಇಲ್ಲಂದ್ರ ಈಗಿಂದೀಗ ನಡೀರಿ. ಮಗಳು ಸಾಲಿಗೆ ಹೊಕ್ಕಾಳಲ್ಲ? ವಿಚಾರ ಮಾಡ್ರಿ."

ಮಹಾನಂದಾ ವಿಚಾರ ಮಾಡಿದಳು. ನಾನು ನೋಡಿದೆ, ಅವಳ ತುಟಿ ತಂಗೆವ್ವಾ ಎಂದು ಅಲ್ಲಾಡಿತು. ಹಾಲಿಗೆ ಹೋದಳು. ಗಾಜಿನ ಮುಂದೆ ನಿಂತಳು. ಮೂರು ವರ್ಷದಲ್ಲಿ ಮೊದಲ ಸಲ ಅವಳು ಉಣ್ಣುವವರ ಎದುರು ಬಂದು ನಿಂತದ್ದು.

"ಬಿಲ್ಲಿ ತಪ್ಪ ಹೊಡದಾರ್ರಿ" ಎಂದಳು.

"ಅಲ್ರೀ, ನಾವೇನ ಜಾತಿ ನೋಡವರಲ್ಲ" ಎಂದ ವಿರೂಪಾಕ್ಷಪ್ಪ. "ಈಗಿನ ಕಾಲದಾಗ ಯಾರ ನೋಡ್ತಾರ? ಇದು ನಂಬಿಗಿ ಮಾತು. ಮೋಸ ಆಗಬಾರದು, ಅಷ್ಟ."

"ಅಷ್ಟ, ಅಷ್ಟ" ಎಂದರು ನಾಲ್ಕು ಮಂದಿ. ಅವರ ತಾಟಿನಲ್ಲಿ ರೊಟ್ಟಿ ಮುರಿದ ಹಾಗೆಯೇ ಬಿದ್ದಿತ್ತು. ಜಾತಿ ನೋಡದವರು ಯಾಕೆ ಉಣ್ಣುವುದು ನಿಲ್ಲಿಸಿದರೋ, ನಾನು ಕೇಳಲಿಲ್ಲ. ಕೇಳಬೇಕಿತ್ತು.

"ಆ ಹಿಂದ ತಾಟ ತೊಳಿಯಾಕಿ ದೊಡವಾಡದಾಕಿ ಅಲ್ಲೇನು?" ಎಂದ ವಿರೂಪಾಕ್ಷಪ್ಪ. "ಆಕಿನ್ನ ಕರೀರಿ. ಆಕಿಗೆ ಗೊತ್ತಿರತೈತಿ."

ನನ್ನನ್ನು ಕರೆದರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಹೊಸ್ತಿಲು ದಾಟಿದೆ. ಅಡಿಗೆಮನೆ ದಾಟಿದೆ. ಹಾಲಿನ ನುಣುಪು ಫರ್ಸಿಯ ಮೇಲೆ ನನ್ನ ಒದ್ದೆ ಕಾಲು ಜಾರಿತು. ನಲವತ್ತು ಮುಖ. ತಾಟು ಗುರುತಿದ್ದ ನನಗೆ ಮುಖಗಳು ಗುರುತು ಸಿಗಲಿಲ್ಲ.

"ಮಾಯವ್ವ, ಖರೆ ಹೇಳು" ಎಂದ ನಿಜಗುಣಪ್ಪ. "ಈಕಿ ಯಾರಾಕಿ?"

ಮಹಾನಂದಾ ನನ್ನ ಕಡೆ ನೋಡಲಿಲ್ಲ. ಫರ್ಸಿ ನೋಡುತ್ತಿದ್ದಳು. ನನ್ನ ಕಣ್ಣಿಗೆ ತಂಗೆವ್ವನ ಎರಡು ಬೆರಳು ಕಟ್ಟಿದವು. ಆ ಹುಡುಗಿ ಮತ್ತೆ ಕಬ್ಬಿನ ಗದ್ದೆಯಲ್ಲಿ ನಿಲ್ಲುವುದು ಕಂಡಿತು. ಸುಳ್ಳಿಗೆ ಹೆದರುವ ವಯಸ್ಸಲ್ಲ ನನ್ನದು.

"ಮಠದವರ್ರಿ" ಎಂದೆ. "ದೊಡ್ಡ ಮನಿತಾನ. ನಾವು ಅವರ ಅಂಗಳ ಮೆಟ್ಟವರಲ್ಲ."

ಹಾಲು ಉಸಿರು ಬಿಟ್ಟಿತು. ಯಾರೋ ನಕ್ಕರು. "ಬಿಲ್ಲಿ ಹೊಡದ ಮಗನ್ನ ಒದೀಬೇಕ್ರಿ" ಎಂದರು. ವಿರೂಪಾಕ್ಷಪ್ಪ ಮುರಿದ ರೊಟ್ಟಿಯನ್ನು ಪಲ್ಯಕ್ಕೆ ಅದ್ದಿದ. ಮುಗಿಯಿತು, ಬದುಕಿದೆವು ಎಂದುಕೊಂಡೆ. ಎಷ್ಟು ಖುಷಿಯಾಯಿತು ಎಂದರೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ನಿಜಗುಣಪ್ಪನಿಗೂ ಜೀವ ಬಂತು. ಗಿರಾಕಿಗಳ ಮುಂದೆ ದೊಡ್ಡ ದನಿ ತೆಗೆದ.

"ಆತು, ನೀ ಹಿಂದ ನಡಿ. ಏ ಕಲ್ಮೇಶ, ಆಕಿ ನಿಂತಲ್ಲೆ ಫಿನೈಲ್ ಹಾಕಿ ಒರಸು. ಉಣ್ಣಾಕ ಕುಂತಾರ ಮಂದಿ." ಮಹಾನಂದಾಳ ಕಡೆ ಕೈ ಮುಗಿದ. "ಅವ್ವಾರ, ನೀವ ಒಂದ ಮಾತ ಹೇಳಿಬಿಡ್ರಿ ಆಕಿಗೆ. ಇನ್ನ ಮ್ಯಾಲೆ ಕರದ್ರೂ ಒಳಗ ಬರಬ್ಯಾಡ ಅಂತ. ಎಲ್ಲಾರಿಗೂ ಸಮಾಧಾನ ಆಗತೈತಿ."

ನಾನು ಹೊರಟೆ. ನಿಜ ಹೇಳುತ್ತೇನೆ, ನನಗೆ ಏನೂ ಅನ್ನಿಸಲಿಲ್ಲ. ಅಭ್ಯಾಸ.

"ಅಕ್ಕಾ, ನಿಂದ್ರು."

ನಿಂತೆ. ಹಿಂದೆ ನೋಡಲು ಧೈರ್ಯವಾಗಲಿಲ್ಲ. ಬೇಡ ಮಹಾನಂದಾ, ಬೇಡ ನಮ್ಮವ್ವ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ನಾ ಇದನ್ನ ಹೇಳಾಂಗಿಲ್ರಿ" ಎಂದಳು ಅವಳು. "ಇಷ್ಟ ವರ್ಷ ಮ್ಯಾಲಿಂದ ನೀರ ಹಾಕೇನಿ ಆಕಿಗೆ. ಅದು ಸಾಕು. ಆಕಿ ನಮ್ಮಕ್ಕ. ನಮ್ಮ ಮಾವನ ಹಿರೇ ಸೊಸಿ, ನಾ ಸಣ್ಣಾಕಿ. ಬಿಲ್ಲಿ ಖರೆ ಐತಿ. ಬಿಲ್ಲಿ ಒಂದ ಖರೆ ಐತಿ ಇಲ್ಲೆ."

ಹಿಟ್ಟಿನ ತೋಳಿನಿಂದ ಹಣೆ ಒರೆಸಿಕೊಂಡಳು. ವಿಭೂತಿ ಹೋಯಿತು, ಹಿಟ್ಟು ಬಂತು. ನನ್ನ ಕೈ ಹಿಡಿದಳು. ಅವಳ ಕೈ ಬಿಸಿ, ನನ್ನದು ನೀರಿನಲ್ಲಿ ನೆನೆದು ತಣ್ಣಗಿತ್ತು. ಎಳೆದುಕೊಂಡು ಹೋಗಿ ಮೂರನೇ ಟೇಬಲ್ಲಿನ ಮುಂದೆ ಕೂರಿಸಿದಳು. ತಾನೂ ಕುಳಿತಳು. ಅಲ್ಲಿ ಉಣ್ಣುತ್ತಿದ್ದ ಇಬ್ಬರು ದಡಕ್ಕನೆ ಎದ್ದರು.

"ಕಲ್ಮೇಶ, ಎರಡ ಊಟ. ಬಿಸಿ ರೊಟ್ಟಿ."

ಕಲ್ಮೇಶ ಫಿನೈಲಿನ ಬಾಟಲಿ ಹಿಡಿದು ನಿಂತಿದ್ದ. ಅವನು ಮಾಲೀಕನನ್ನು ನೋಡಿದ. ಮಾಲೀಕ ಸೊಸೆಯನ್ನು ನೋಡಿದ. ಯಾರೂ ನಮ್ಮನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಮೊಬೈಲುಗಳು ಎದ್ದು ನಿಂತಿದ್ದವು. ಸಪ್ನಾ ಬಾಗಿಲಿಗೆ ಹೋಗಿ ಒಂದು ಹಲಗೆ ತಗುಲಿಸಿದಳು: 'ಊಟ ಮುಗಿದಿದೆ'. ಮಧ್ಯಾಹ್ನ ಒಂದೂಕಾಲು. ಒಳಗೆ ಸಾರು ಕೊತಕೊತ ಕುದಿಯುತ್ತಿತ್ತು. ಬುಟ್ಟಿಯಲ್ಲಿ ರೊಟ್ಟಿಯಿಂದ ಹೊಗೆ ಏಳುತ್ತಿತ್ತು. ಗಿರಾಕಿಗಳು ಒಬ್ಬೊಬ್ಬರೇ ಎದ್ದರು. ವಿರೂಪಾಕ್ಷಪ್ಪ ಗಿರಾಕಿಗಳು ಕೈ ತೊಳೆಯುವ ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದ, ಮತ್ತೆ ಮತ್ತೆ ಮುಕ್ಕಳಿಸಿದ. ಮೂರು ವರ್ಷ ಉಂಡದ್ದು ಮುಕ್ಕಳಿಸಿದರೆ ಹೋಗುತ್ತದೆಯೇ ಮೂಳ? ಅದು ನಿನ್ನ ರಕ್ತವಾಗಿದೆ.

ಇಬ್ಬರು ಹೆಂಗಸರಿಗೆ ಎರಡು ತಾಟು ಹಾಕುವ ಬದಲು ಖಾನಾವಳಿಯನ್ನೇ ಮುಚ್ಚಿದರು.

ಫ್ಯಾನು ಆರಿಸಿದರು. ಲೈಟು ಆರಿಸಿದರು. ಕಲ್ಮೇಶ ರೊಟ್ಟಿಯ ಬುಟ್ಟಿ ಹೊತ್ತು ನಮ್ಮ ಮುಂದೆಯೇ ಹೊರಗೆ ಹೋದ. "ಎಮ್ಮಿಗೆ ಹಾಕಂದಾರ್ರಿ ಅವ್ವಾರ" ಎಂದ, ನೆಲ ನೋಡುತ್ತ. ಮಹಾನಂದಾ ಆ ಬುಟ್ಟಿ ಹೋಗುವವರೆಗೂ ನೋಡಿದಳು. ಆಮೇಲೆ ಅವಳ ಹೆಗಲು ಕುಸಿಯಿತು. ಅಳು ಬಂತು. ಬಾಯಿಗೆ ಸೆರಗು ಒತ್ತಿಕೊಂಡಳು.

"ತಂಗೆವ್ವಗ ಏನ ಹೇಳ್ಲಿ ಅಕ್ಕಾ? ನನ್ನ ಬಾಯಿ ಹಾಳಾಗಲಿ. ಇನ್ನ ಒಂದ ವರ್ಷ ಸುಮ್ನಿದ್ದಿದ್ರ ಹತ್ತನೇತ್ತಿ ಮುಗೀತಿತ್ತು. ಆ ಮುಕಾದಮ ನಾಳಿನ ಬರತಾನ, ಜೋಡಿ ಕೇಳತಾನ."

"ಜೋಡಿ ನಾ ಬರತೇನಿ."

"ನಿನ್ನ ಟೊಂಕ? ಬಗ್ಗಿದ್ರ ಏಳಾಕ ಬರೂದಿಲ್ಲ ನಿನಗ."

"ಮುರದ್ರ ಮುರೀಲಿ. ಕೂಸಿನ್ನ ಕಳಸೂದಿಲ್ಲ."

ಹೇಳಿದೆ. ಹೇಳುವುದೇನು ದೊಡ್ಡದು. ಐವತ್ತೆರಡರ ಟೊಂಕ ಕಬ್ಬಿನ ಹೊರೆಯ ಕೆಳಗೆ ಎಷ್ಟು ದಿನ ತಡೆಯುತ್ತದೆ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಹದಿನೈದು ದಿನ. ತಿಂಗಳು. ಆಮೇಲೆ?

"ಏಳ್ರವಾ ಇನ್ನ, ಹೊತ್ತಾತು" ಎಂದ ನಿಜಗುಣಪ್ಪ ಗಲ್ಲೆಯ ಹಿಂದಿನಿಂದ. ಬೇಡುವ ದನಿ. ನಾನು ಏಳಲು ಹೋದೆ. ಮಹಾನಂದಾ ಮೊಣಕಾಲಿನ ಮೇಲೆ ಕೈ ಒತ್ತಿ ಕೂರಿಸಿದಳು.

ಹೊರಗೆ ಒಂದು ಕಾರು ಬಂದು ನಿಂತಿತು. ಗಂಡ, ಹೆಂಡತಿ, ಎರಡು ಮಕ್ಕಳು. ದೂರದವರು, ಹಲಗೆ ನೋಡದೆ ಒಳಗೆ ಬಂದರು. ಖಾಲಿ ಹಾಲು, ಆರಿದ ಲೈಟು, ನಡುವೆ ನಾವಿಬ್ಬರು.

"ಮಠದವ್ವನ ಬಿಸಿ ರೊಟ್ಟಿ ಅಂತ ಬೋರ್ಡ್ ನೋಡಿ ಬಂದ್ವಿರಿ. ಐತೇನ್ರಿ ಊಟ?"

ನಿಜಗುಣಪ್ಪ ತಲೆ ತಗ್ಗಿಸಿ ಗಲ್ಲೆಯ ಚಿಲ್ಲರೆ ಎಣಿಸತೊಡಗಿದ. ಮಹಾನಂದಾ ಕಣ್ಣೊರೆಸಿಕೊಂಡು ಆ ಕಡೆ ತಿರುಗಿದಳು.

"ಇಲ್ರಿ" ಎಂದಳು. "ರೊಟ್ಟಿ ಬಡಿಯಾಕಿ ಊಟಕ್ಕ ಕುಂತಾಳ."